ನಾಲ್ಕು ತಾಲ್ಲೂಕಿನ ಹಲಗೆ

ಪ್ರೇಮಕುಮಾರಿ ಮೇಡಂ ಮಾಡಿದ ಹಲಗೆಯನ್ನು ನೋಡಿ ಮೊದಲು ನಕ್ಕವರು ಅವರ ಗಂಡನೇ. ಪ್ಲೈವುಡ್ ತುಂಡಿಗೆ ಮೈದಾ ಅಂಟು ಬಳಿದು, ಹಾಸನ ತಾಲ್ಲೂಕಿಗೆ ಮುಸುಕಿನ ಜೋಳ, ಹೊಳೆನರಸೀಪುರಕ್ಕೆ ಭತ್ತ, ಚನ್ನರಾಯಪಟ್ಟಣಕ್ಕೆ ತೆಂಗಿನ ನಾರು, ತಮ್ಮ ಅರಕಲಗೂಡಿಗೆ ಒಣಗಿದ ಹೊಗೆಸೊಪ್ಪಿನ ಚೂರು ಅಂಟಿಸಿದ್ದರು. ಗಡಿಗಳಿಗೆ ಹೊಗೆಸೊಪ್ಪು ಕಟ್ಟುವ ದಾರ. "ಇದೇನು ಭೂಪಟವೋ, ಕೋಳಿಗೆ ಹಾಕೋ ಕಾಳೋ?" ಎಂದರು ಯಜಮಾನರು. ಹಲಗೆ ಅವರ ಕಣ್ಣಿಗೆ ಚೆಂದ ಕಾಣಲೆಂದು ಮಾಡಿದ್ದಲ್ಲ, ಆರನೇ ತರಗತಿಯ ಧನ್ಯಾಳಿಗೆ ಮಾಡಿದ್ದು.

ಧನ್ಯಾಳಿಗೆ ಹುಟ್ಟಿದಾಗಿನಿಂದ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಕಾಣದು. ರಾಮನಾಥಪುರದ ಹತ್ತಿರ ಮೇಡಂ ಪಾಠ ಮಾಡುತ್ತಿದ್ದ ಶಾಲೆಯ ಒಂದೇ ಕೋಣೆಯಲ್ಲಿ ಅವಳಿದ್ದಳು, ಕೂತಲ್ಲಿ ಕೂರದ ಹರ್ಷವರ್ಧನನಿದ್ದ, ದೂರದಿಂದ ಕೂಲಿಗೆ ಬಂದವರ ಮಗನೊಬ್ಬನಿದ್ದ. ಆ ಹುಡುಗನಿಗೆ ನಮ್ಮೂರವರು ಕನ್ನಡದಲ್ಲಿ ಬೈಗುಳ ಬಿಟ್ಟು ಬೇರೇನನ್ನೂ ಕಲಿಸಿರಲಿಲ್ಲ. ಇಷ್ಟು ಜನಕ್ಕೂ ಸಮಾಜ ವಿಜ್ಞಾನದ ಪುಸ್ತಕ ಒಂದೇ, ಗೋಡೆಯ ಮೇಲಿನ ಭೂಪಟವೂ ಒಂದೇ. ಅದನ್ನು ಅಚ್ಚು ಹಾಕಿಸಿದ ಪುಣ್ಯಾತ್ಮರು ಇಂಥ ಕೋಣೆಯಲ್ಲಿ ಒಂದು ಗಂಟೆ ಕೂತು ಎದ್ದವರಂತೂ ಅಲ್ಲ.

ಹಲಗೆ ಬಂದ ಮೇಲೆ ಧನ್ಯಾ ಊರೂರು ಸುತ್ತತೊಡಗಿದಳು. "ದಾರ ದಾಟ್ದೆ ಮಿಸ್. ಈಗ ಭತ್ತ ಸಿಕ್ತು. ಒಳೆನರ್ಸೀಪುರಕ್ಕೆ ಬಂದ್ಬುಟ್ಟೆ!" ಶಾಂತಿಗ್ರಾಮದಲ್ಲಿ ಅವಳ ಚಿಕ್ಕಮ್ಮನ ಮನೆಯಿತ್ತು. ಅಲ್ಲೊಂದು ಹುಣಸೆ ಬೀಜ ಅಂಟಿಸಿ ಎಂದು ಅವಳೇ ಹಟ ಹಿಡಿದಳು. ಆಮೇಲೆ ದಿನಾ ಬೆಳಿಗ್ಗೆ ಅರಕಲಗೂಡಿನ ಹೊಗೆಸೊಪ್ಪಿನಿಂದ ಹೊರಟು, ಗಡಿ ದಾಟಿ, ಹಾಸನದ ಜೋಳದ ಮೇಲೆ ಹಾದು ಚಿಕ್ಕಮ್ಮನ ಮನೆ ಮುಟ್ಟಿದರೇನೇ ಅವಳಿಗೆ ಸಮಾಧಾನ.

ಆದರೆ ಅವಳಪ್ಪ ದೇವರಾಜುವಿಗೆ ಮಗಳನ್ನು ಶಾಲೆ ಬಿಡಿಸುವ ಯೋಚನೆ. "ಕಣ್ಣು ಕಾಣ್ದೋಳು ಇಸ್ಕೂಲ್ಗೆ ಬಂದು ಏನ್ ಮಾಡ್ಬೇಕು ಮೇಡಂ? ಮನೇಲಿ ನೆಟ್ಗೆ ಒಂದ್ಲೋಟ ನೀರು ಎತ್ಕಳಕೂ ನಾವು ಬಿಡಾಕಿಲ್ಲ" ಎನ್ನುತ್ತಿದ್ದ. ಪಾಪ, ಪ್ರೀತಿಯಿಂದಲೇ ಹೇಳುತ್ತಿದ್ದ. ಹೇಗಾದರೂ ಮಾಡಿ ಈ ಹುಡುಗಿಯನ್ನು ಶಾಲೆಯಲ್ಲಿ ಉಳಿಸಿಕೊಳ್ಳಬೇಕೆಂದು ಮೇಡಂ ಆಷಾಢದ ಪೋಷಕರ ಸಭೆಯಲ್ಲಿ ಹಲಗೆಯನ್ನು ಎಲ್ಲರ ಮುಂದಿಟ್ಟರು.

ಧನ್ಯಾ ಸರಸರನೆ ನಾಲ್ಕೂ ತಾಲ್ಲೂಕು ಸುತ್ತಿ ಬಂದಳು. ಜನ ಚಪ್ಪಾಳೆ ತಟ್ಟಿದರು, ದೇವರಾಜು ಬಾಯಿಬಿಟ್ಟುಕೊಂಡು ಕೂತಿದ್ದ. ಅಲ್ಲಿಗೇ ನಿಲ್ಲಿಸಬಹುದಿತ್ತು. ಮೇಡಂಗೆ ಉಮೇದು ತಡೆಯಲಿಲ್ಲ. "ನೋಡಿ ದೇವರಾಜಣ್ಣ, ನಿಮ್ಮ ಮಗಳಿಗೆ ಬೆರಳಲ್ಲೇ ಕಣ್ಣಿದೆ. ಈ ಕೈಗೆ ಯಾವ ಕೆಲಸ ಕೊಟ್ಟರೂ ಮಾಡ್ತಾಳೆ!" ಎಂದುಬಿಟ್ಟರು. ದೇವರಾಜು ಎದ್ದು ಕೈಮುಗಿದ. ಮಗಳ ತಲೆ ಸವರುತ್ತ ಮನೆಗೆ ಕರೆದುಕೊಂಡು ಹೋದ.

ಹೊಗೆಸೊಪ್ಪಿನ ಎಲೆ ಮುರಿಯುವ ಕಾಲ ಶುರುವಾಯಿತು. ಸೋಮವಾರ ಧನ್ಯಾ ಬರಲಿಲ್ಲ, ಆ ವಾರವಿಡೀ ಬರಲಿಲ್ಲ. ಜ್ವರವಿರಬೇಕೆಂದುಕೊಂಡು ಮೇಡಂ ಶನಿವಾರ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಅವಳ ಮನೆಗೆ ಹೋದರು.

ಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಬ್ಯಾರನ್ ಮನೆಯ ಮುಂದೆ, ಹಸಿ ಎಲೆಯ ರಾಶಿಯ ನಡುವೆ ಧನ್ಯಾ ಕೂತಿದ್ದಳು. ಅಜ್ಜಿ ಚಿಕ್ಕಲಕ್ಷ್ಮಮ್ಮ ಹಿಡಿ ಹಿಡಿ ಎಲೆ ಕೊಡುತ್ತಿದ್ದರೆ ಅವಳು ಅದನ್ನು ದಾರದಲ್ಲಿ ಕೋಲಿಗೆ ಕಟ್ಟುತ್ತಿದ್ದಳು. ಕಣ್ಣಿದ್ದವರಿಗಿಂತ ಬೇಗ ಕಟ್ಟುತ್ತಿದ್ದಳು.

"ಬನ್ನಿ ಮೇಡಂ, ಕುಂತ್ಕಳಿ" ಎಂದ ದೇವರಾಜು. ಅವನ ಮುಖ ಅರಳಿತ್ತು. "ನಿಮ್ಮ ಪುಣ್ಯ ಕಣಮ್ಮ. ಇಷ್ಟ್ ವರ್ಸ ಮೂಲೇಲಿ ಕೂರ್ಸಿದ್ವಿ. ಬೆಳ್ಳಲ್ಲೇ ಕಣ್ಣೈತೆ ಅಂತ ನೀವ್ ಏಳೋಗಂಟ ನಮ್ಗೆ ತಿಳೀನೇ ಇಲ್ಲ."

"ನಾನು ಹೇಳಿದ್ದು ಇದಕ್ಕಲ್ಲ ದೇವರಾಜಣ್ಣ! ಅವಳು ಓದಬೇಕು. ಮಕ್ಕಳನ್ನ ದುಡಿಸೋದು ತಪ್ಪು."

"ದುಡಿಸೋದೇನ್ ಬಂತು? ಇದು ಮನೆ ಕೆಲ್ಸ. ಆಳು ಸಿಕ್ಕಾಕಿಲ್ಲ, ನೋಡ್ತಾ ಇದೀರಲ್ಲ. ಕೇಳಿ ಬೇಕಾರೆ ಅವಳ್ನೇ."

ಧನ್ಯಾ ನಕ್ಕಳು. "ನಾನೇ ಎಲ್ಲಾರ್ಗಿಂತ ಜೋರಾಗಿ ಕಟ್ತೀನಂತೆ ಮಿಸ್. ಅಜ್ಜಿ ಏಳ್ತು."

ಆ ಮನೆಯಲ್ಲಿ ಆ ಹುಡುಗಿಯನ್ನು ಹೊಗಳಿದ್ದು ಅದೇ ಮೊದಲು. ಆ ಹೊಗಳಿಕೆಯನ್ನು ಕಿತ್ತುಕೊಳ್ಳಲು ಮೇಡಂಗೆ ಮನಸ್ಸಾಗಲಿಲ್ಲ. ತಮ್ಮ ಮಾತೇ ತಮಗೆ ತಿರುಗಿ ನಿಂತಾಗ ಯಾರ ಮೇಲೆ ರೇಗಬೇಕು? ಹಲಗೆಯನ್ನು ಅವಳ ಮಡಿಲಲ್ಲಿಟ್ಟರು.

"ಶಾಂತಿಗ್ರಾಮಕ್ಕೆ ಹೋಗು ನೋಡೋಣ."

ಧನ್ಯಾ ಆಸೆಯಿಂದ ಬೆರಳು ಊರಿದಳು. ಹಸಿ ಹೊಗೆಸೊಪ್ಪಿನ ಅಂಟು ಆ ಬೆರಳ ತುದಿಗಳಿಗೆಲ್ಲ ಮೆತ್ತಿ, ಕಪ್ಪಗೆ ಗಟ್ಟಿಯಾಗಿತ್ತು. ಬೆರಳು ಸರಿದಲ್ಲೆಲ್ಲ ಭತ್ತ ಕಿತ್ತು ಬಂತು, ನಾರು ಎದ್ದು ಬಂತು. ಅವಳು ಎಡಕ್ಕೆ ಹೋದಳು, ಬಲಕ್ಕೆ ಹೋದಳು, ನಿಂತಳು.

"ದಾರ ಎಲ್ಲಿ ಮಿಸ್?"

"ನಿನ್ನ ಬೆರಳ ಕೆಳಗೇ ಇದೆಯಲ್ಲ ಮಗಳೇ."

ಅವಳು ಒತ್ತಿ ಒತ್ತಿ ನೋಡಿದಳು. ಮುಖದ ನಗು ಮಾಯವಾಯಿತು.

"ಗೊತ್ತಾಗಾಕಿಲ್ಲ ಮಿಸ್. ಎಲ್ಲಾ ಅರ್ಕಲಗೂಡೇ ಆಗೋಗೈತೆ."

ಅಜ್ಜಿ ಮುಂದಿನ ಹಿಡಿ ಎಲೆ ನೀಡಿದಳು. ಧನ್ಯಾ ಹಲಗೆಯನ್ನು ಪಕ್ಕಕ್ಕೆ ಸರಿಸಿ ಕೈ ಚಾಚಿದಳು.