ಎರಡು ಎಂಜಿನ್, ಒಂದು ಚುಕ್ಕಾಣಿ

ಅಬು ಜರ್ರಾಹ್ ತೀರಿಕೊಂಡ ಮೇಲೆ ಅವನ ಆಸ್ತಿಯಲ್ಲಿ ಎಲ್ಲವೂ ಸಲೀಸಾಗಿ ಪಾಲಾಯಿತು, ದೋಣಿಯೊಂದನ್ನು ಬಿಟ್ಟು. ಮನೆಯ ನಡುವೆ ಗೋಡೆ ಎಬ್ಬಿಸಬಹುದು, ಜಮೀನಿಗೆ ಬೇಲಿ ಹಾಕಬಹುದು. ಮೂವತ್ತೆಂಟು ಅಡಿ ಉದ್ದದ, ಒಳಗೆ ಎರಡು ಮಲಗುವ ಕೋಣೆ, ಒಂದು ಅಡುಗೆ ಮೂಲೆ, ಹಿಂಭಾಗದಲ್ಲಿ ಎರಡು ಡೀಸೆಲ್ ಎಂಜಿನ್ ಇರುವ ದೋಣಿಯನ್ನು ಎಲ್ಲಿಂದ ಕೊಯ್ಯುವುದು? ಅಪ್ಪನಿಗೆ ಆ ಹೆಸರು ಬಂದದ್ದೇ ಯಾರಿಂದಲೋ ಆ ಹಿರಿಯ ಮಗ ಜರ್ರಾಹ್ ತನಗೇ ಬೇಕೆಂದ. ಹಾಗಾಗಿ ಕಿರಿಯವನಾದ ಫೌಝಾನನಿಗೂ ಬೇಕಾಯಿತು. ಇಬ್ಬರಿಗೂ ಸಮುದ್ರದ ಮೇಲೆ ಅಂಥ ಮೋಹವೇನೂ ಇರಲಿಲ್ಲ.

ಕೊನೆಗೆ ಚಿಕ್ಕಪ್ಪನೊಬ್ಬ ಮೂರು ಸಂಜೆ ಕೂತು, ಮೂರು ಕೆಟಲ್ ಚಹಾ ಖಾಲಿ ಮಾಡಿ, ನ್ಯಾಯ ಹೇಳಿದ. ಬಲ ಎಂಜಿನ್ ಹಿರಿಯನಿಗೆ, ಎಡ ಎಂಜಿನ್ ಕಿರಿಯನಿಗೆ. ತಾಯಿ ಉಮ್ಮ್ ಜರ್ರಾಹ್‌ಗೆ ಕೋಣೆ ಮತ್ತು ಒಲೆ. ಮಗಳಿಗೆ ಶಾಸ್ತ್ರದ ಪ್ರಕಾರ ಅಣ್ಣತಮ್ಮಂದಿರ ಪಾಲಿನ ಅರ್ಧ. ಅರ್ಧ ಎಂಜಿನ್ ಕೊಡಲು ಬರುವುದಿಲ್ಲವಲ್ಲ, ಅದಕ್ಕೆ ಸಬೀಕಾಗೆ ಚುಕ್ಕಾಣಿ ಕೊಟ್ಟರು. ಎಲ್ಲರೂ ನಕ್ಕರು. ಸಬೀಕಾ ಮಾತ್ರ ನಗಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಅಪ್ಪ ಅವಳ ಕೈಗೆ ಕೊಟ್ಟಿದ್ದೂ ಅದನ್ನೇ. ಗಾಳಿ ಅಡ್ಡ ಹೊಡೆಯುವಾಗಲೂ ಆ ದೋಣಿಯನ್ನು ಗೀರು ಬೀಳದಂತೆ ದಕ್ಕೆಗೆ ತಂದು ನಿಲ್ಲಿಸಬಲ್ಲವಳು ಆ ಮನೆಯಲ್ಲಿ ಅವಳೊಬ್ಬಳೇ. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಸಾಕಾದ ಸಂಜೆಗಳಲ್ಲಿ ಅವಳಿಗೆ ಉಸಿರಾಡಲು ಇದ್ದ ಜಾಗವೂ ಅದೊಂದೇ.

ಆಮೇಲೆ ಶುರುವಾಯಿತು ನೋಡಿ ಆರೈಕೆ. ಮಂಗಳವಾರ ಜರ್ರಾಹ್ ತನ್ನ ಎಂಜಿನ್‌ಗೆ ಹೊಸ ಎಣ್ಣೆ ಹಾಕಿದನೆಂದರೆ ಬುಧವಾರ ಫೌಝಾನ್ ತನ್ನದಕ್ಕೆ ಎಣ್ಣೆಯ ಜೊತೆಗೆ ಫಿಲ್ಟರನ್ನೂ ಬದಲಿಸುತ್ತಿದ್ದ. ಒಬ್ಬ ಬೆಳ್ಳಗೆ ಬಣ್ಣ ಹೊಡೆಸಿದ, ಇನ್ನೊಬ್ಬ ಬೆಳ್ಳಿಯ ಬಣ್ಣವನ್ನೇ ಹೊಡೆಸಿದ. ಎಂಜಿನ್ ಕೋಣೆಯ ನಡುವೆ ಕೆಂಪು ಗೆರೆ ಎಳೆದರು. ಆ ಎಂಜಿನ್‌ಗಳಿಗೆ ಸಿಕ್ಕ ಉಪಚಾರದಲ್ಲಿ ಕಾಲುಭಾಗ ಅವರ ಹೆಂಡಂದಿರಿಗೆ ಸಿಕ್ಕಿದ್ದರೆ ಆ ಎರಡು ಮನೆಗಳು ನೆಮ್ಮದಿಯಿಂದ ಇರುತ್ತಿದ್ದವು. ದೋಣಿಯ ಅಡಿ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲವಾದ್ದರಿಂದ ಅಲ್ಲಿ ಚಿಪ್ಪು ಬೆಳೆಯಿತು. ಅದನ್ನು ಕೆರೆದವಳು ಸಬೀಕಾ.

ಅಣ್ಣತಮ್ಮಂದಿರ ಮಾತು ನಿಂತು ಎರಡು ವರ್ಷವಾಗಿತ್ತು. ಅಪ್ಪನ ದಿವಾನಿಯ, ಅಂದರೆ ಗಂಡಸರು ಕಾಫಿ ಕುಡಿಯುತ್ತ ಹರಟುವ ಬೈಠಕ್, ಸೋಮವಾರ ಸಂಜೆ ಸೇರುತ್ತಿತ್ತು. ಈಗ ಇಬ್ಬರೂ ತಮ್ಮತಮ್ಮ ಬೈಠಕನ್ನು ಸೋಮವಾರವೇ ತೆರೆದರು. ಪಾಪ, ಹಳೆಯ ನೆಂಟರು ಒಂದು ಕಡೆ ಕಾಫಿ ಕುಡಿದು, ಇನ್ನೊಂದು ಕಡೆಗೆ ಬಾಯಿ ಒರೆಸಿಕೊಂಡು ಓಡಬೇಕಾಗಿತ್ತು. ಕೊನೆಗೆ ಜರ್ರಾಹ್ ಕೋರ್ಟಿಗೆ ಹೋಗಿ ದೋಣಿಯನ್ನು ಹರಾಜು ಹಾಕಿಸುತ್ತೇನೆ ಎಂದನೆಂಬ ಸುದ್ದಿ ಬಂತು. ಇವರಿಬ್ಬರೂ ಒಂದಾದರೆ ಮಾತ್ರ ದೋಣಿ ಉಳಿಯುತ್ತದೆ ಎಂದು ಸಬೀಕಾಗೆ ಖಾತ್ರಿಯಾಯಿತು. ತಾಯಿಯ ಕಿವಿಯಲ್ಲಿ ಒಂದು ಮಾತು ಹಾಕಿದಳು. ಮುದುಕಿ ಇಬ್ಬರನ್ನೂ ಕರೆಸಿ, ಮೂವರು ಮಕ್ಕಳ ಜೊತೆ ಒಮ್ಮೆ ಕುಬ್ಬರ್ ದ್ವೀಪಕ್ಕೆ ಹೋಗಿಬರಬೇಕು, ಅಷ್ಟು ಮಾಡದಿದ್ದರೆ ನನ್ನ ಹಾಲಿನ ಋಣ ಮನ್ನಾ ಮಾಡುವುದಿಲ್ಲ ಎಂದಳು. ಅಲ್ಲಿಗೆ ಇಬ್ಬರೂ ಒಪ್ಪಲೇಬೇಕಾಯಿತು.

ಮಾರ್ಚ್ ತಿಂಗಳ ಒಂದು ಶುಕ್ರವಾರ ಹೊರಟರು. ಚುಕ್ಕಾಣಿಯ ಮುಂದೆ ಸಬೀಕಾ. ಅವಳ ಬಲಕ್ಕೆ ಜರ್ರಾಹ್ ತನ್ನ ಎಂಜಿನ್‌ನ ವೇಗದ ಸನ್ನೆಕೋಲು ಹಿಡಿದು, ಎಡಕ್ಕೆ ಫೌಝಾನ್ ತನ್ನದನ್ನು ಹಿಡಿದು ನಿಂತಿದ್ದರು. ಒಬ್ಬ ಒಂದು ಬೆರಳಷ್ಟು ಮುಂದೆ ತಳ್ಳಿದರೆ ಇನ್ನೊಬ್ಬ ಎರಡು ಬೆರಳು. ದೋಣಿ ಒಮ್ಮೆ ಸೌದಿಯ ಕಡೆಗೆ, ಒಮ್ಮೆ ಇರಾನಿನ ಕಡೆಗೆ ಮುಖ ಮಾಡುತ್ತ ಸಾಗಿತು.

"ನಿಮ್ಮಪ್ಪ ಇದ್ದಾಗ ಇದು ನೆಟ್ಟಗೆ ಹೋಗ್ತಿತ್ತಪ್ಪ," ಎಂದಳು ತಾಯಿ.

ಅರ್ಧ ದಾರಿಯಲ್ಲಿ ಬಲ ಎಂಜಿನ್ ಕಾದು ಕಿರುಚಿತು. ನೀರೆಳೆಯುವ ಪಂಪಿನ ರಬ್ಬರ್ ಚಕ್ರ ಹರಿದಿತ್ತು. ಜರ್ರಾಹ್ ಅದನ್ನು ನಿಲ್ಲಿಸಬೇಕಾಯಿತು. ಅವನ ಬಳಿ ಬೇರೆ ಚಕ್ರ ಇರಲಿಲ್ಲ. ಫೌಝಾನನ ಬಳಿ ಇತ್ತು, ಅವನು ಅದರ ಸುದ್ದಿಯನ್ನೇ ಎತ್ತಲಿಲ್ಲ.

"ಪರವಾಗಿಲ್ಲ ಬಿಡಣ್ಣ," ಎಂದ, ಎರಡು ವರ್ಷಗಳಲ್ಲಿ ಅಣ್ಣನಿಗೆ ಆಡಿದ ಮೊದಲ ಮಾತು. "ನನ್ನದು ಎಳ್ಕೊಂಡು ಹೋಗುತ್ತೆ. ನಿನ್ನನ್ನೂ ಸೇರಿಸಿ."

ಜರ್ರಾಹ್‌ನ ಮುಖ ಕಪ್ಪಿಟ್ಟಿತು. ನಾಳೆ ಬೆಳಿಗ್ಗೆಯೇ ವಕೀಲನ ಬಳಿ ಹೋಗುತ್ತೇನೆ ಎಂದು ತಾಯಿಗೆ ಹೇಳಿ ಬೆನ್ನು ತಿರುಗಿಸಿ ಕೂತ. ಮುದುಕಿ ಕಣ್ಣೊರೆಸಿಕೊಂಡಳು.

ಸಬೀಕಾ ಚುಕ್ಕಾಣಿಯನ್ನು ಫೌಝಾನನಿಗೆ ಒಪ್ಪಿಸಿ, ಚಹಾ ತರುತ್ತೇನೆಂದು ಕೆಳಗಿಳಿದಳು. ಎಂಜಿನ್ ಕೋಣೆಯ ಬಾಗಿಲು ತೆರೆದು, ಕೆಂಪು ಗೆರೆ ದಾಟಿ, ಎಡ ಎಂಜಿನ್‌ನ ಡೀಸೆಲ್ ನಲ್ಲಿಯನ್ನು ತಿರುಗಿಸಿ ಮುಚ್ಚಿದಳು. ಒಂದು ನಿಮಿಷದಲ್ಲಿ ಎಂಜಿನ್ ಕೆಮ್ಮಿತು, ಇನ್ನೆರಡು ಸಲ ಬಿಕ್ಕಿತು, ನಿಂತಿತು. ನಲ್ಲಿಯನ್ನು ಮತ್ತೆ ತೆರೆದಿಟ್ಟು, ಚಹಾದ ತಟ್ಟೆ ಹಿಡಿದು ಮೇಲೆ ಬಂದಳು. ಕೊಳವೆಯೊಳಗೆ ಗಾಳಿ ಹೊಕ್ಕಿದ್ದರಿಂದ ಅದು ಅಷ್ಟು ಸುಲಭಕ್ಕೆ ಮತ್ತೆ ಹೊತ್ತುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ನಗಬೇಕೆಂದು ಜರ್ರಾಹ್ ಬಾಯಿ ತೆರೆದಿದ್ದ. ಅಷ್ಟರಲ್ಲಿ ದೋಣಿ ಅಲೆಗೆ ಅಡ್ಡ ಬಿದ್ದು ಹೊರಳತೊಡಗಿತು. ತಾಯಿ ಮೇಜಿನ ಅಂಚು ಹಿಡಿದು ಪ್ರಾರ್ಥನೆ ಶುರುಮಾಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಗಿ ಕಳಚಿ ಒಟ್ಟಿಗೆ ಕೆಳಗಿಳಿದರು.

ಮೊದಲ ಹತ್ತು ನಿಮಿಷ ಬರೀ ಸ್ಪ್ಯಾನರುಗಳ ಸದ್ದು. ಆಮೇಲೆ ಫೌಝಾನನ ದನಿ ಕೇಳಿಸಿತು: "ತಗೋ, ಈ ಚಕ್ರ ಹಾಕು. ಎರಡಕ್ಕೂ ಅಳತೆ ಒಂದೇ." ಆಮೇಲೆ ಜರ್ರಾಹ್ ತಮ್ಮನ ಎಂಜಿನ್‌ನ ಕೈಪಂಪು ಒತ್ತತೊಡಗಿದ, ತಮ್ಮ ಕೊಳವೆಯ ತಿರುಪು ಸಡಿಲಿಸಿ ಗಾಳಿ ಬಿಟ್ಟ. ಡೀಸೆಲ್ ಚಿಮ್ಮಿ ಒಬ್ಬನ ಗಡ್ಡಕ್ಕೆ ಬಿತ್ತು. ಅಪ್ಪ ಇಂಥ ಹೊತ್ತಿನಲ್ಲಿ ಎಂಜಿನ್‌ನ ವಂಶಕ್ಕೆಲ್ಲ ಬೈಯುತ್ತಿದ್ದ ಬೈಗುಳವೊಂದನ್ನು ಯಾರೋ ನೆನಪಿಸಿದರು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಮೇಲೆ ತಾಯಿ ಮಗಳ ಕೈ ಹಿಡಿದು ಕೂತಿದ್ದಳು. ಸಬೀಕಾ ಅಷ್ಟು ಸಂತೋಷಪಟ್ಟು ಎಷ್ಟೋ ಕಾಲವಾಗಿತ್ತು.

ಎರಡೂ ಎಂಜಿನ್ ಹೊತ್ತಿದವು. ದ್ವೀಪ ತಲುಪಿ ಮರಳ ಮೇಲೆ ಕಂಬಳಿ ಹಾಸಿ ಮೀನು ಹಾಕಿದ ಮಚ್ಬೂಸ್ ಅನ್ನ ತಿಂದರು. ಜರ್ರಾಹ್ ಮೀನಿನ ಕೆನ್ನೆಯ ತುಂಡನ್ನು ಬಿಡಿಸಿ ತಮ್ಮನ ಮುಂದೆ ಇಟ್ಟ. ಆಮೇಲೆ ಕೈ ತೊಳೆದುಕೊಂಡು ಹೇಳಿದ:

"ಎರಡು ಎಂಜಿನ್ ಯಾಕಿರುತ್ತೆ? ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಎರಡೂ ಒಟ್ಟಿಗೆ ಕೈಕೊಡೋ ದೋಣೀನ ನಂಬೋದು ಹೇಗೆ? ಉಮ್ಮಾನ ಇನ್ನು ಇದರಲ್ಲಿ ಕೂರಿಸಲ್ಲ ನಾನು."

"ಸರಿಯಾಗಿ ಹೇಳ್ದೆ. ಮಾರಿಬಿಡೋಣ," ಎಂದ ಫೌಝಾನ್.

ಎರಡು ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು. ಸತ್ಯ ಸಬೀಕಾಳ ನಾಲಿಗೆಯ ತುದಿಗೆ ಬಂದಿತ್ತು. ಅದು ಹೊರಬಿದ್ದರೆ ಫೌಝಾನನ ಎಂಜಿನ್ ಕೈಕೊಟ್ಟೇ ಇರಲಿಲ್ಲವೆಂದಾಗುತ್ತದೆ, ಜರ್ರಾಹ್‌ನದು ಮಾತ್ರ ಎಂದಾಗುತ್ತದೆ, ಮತ್ತೆ ಮೊದಲಿನ ಕಥೆಯೇ. ತಾಯಿ ಒಂದೊಂದು ಕೈಯಲ್ಲಿ ಒಬ್ಬೊಬ್ಬ ಮಗನ ಕೈ ಹಿಡಿದು, ಅವಳನ್ನು ಕೇಳಿದಳು, "ನೀನೇನಂತೀಯೇ?"

"ಮಾರೋಣ," ಎಂದಳು ಸಬೀಕಾ.

ಕೊಳ್ಳುವವರು ಬಂದರು. ಈ ಎಂಜಿನ್‌ಗಳನ್ನು ಇಷ್ಟು ಚೆನ್ನಾಗಿ ಇಟ್ಟವರು ಯಾರೆಂದು ಕೇಳಿದರೆ ಜರ್ರಾಹ್ ತಮ್ಮನನ್ನು ತೋರಿಸುತ್ತಿದ್ದ, ಫೌಝಾನ್ ಅಣ್ಣನನ್ನು. ಮಾರುವ ಮಾಲಿನ ದೋಷ ಮುಚ್ಚಿಡುವುದು ಹರಾಮ್. ಆದ್ದರಿಂದ ಎರಡೂ ಎಂಜಿನ್ ನಡುಸಮುದ್ರದಲ್ಲಿ ಒಟ್ಟಿಗೆ ನಿಂತಿದ್ದವು, ಒಂದರ ಕಾರಣ ಕೊನೆಗೂ ತಿಳಿಯಲೇ ಇಲ್ಲ ಎಂದು ಇಬ್ಬರೂ ಸರದಿಯ ಮೇಲೆ ವಿವರಿಸುತ್ತಿದ್ದರು. ಕೊಳ್ಳುವವರು ಚಹಾ ಕುಡಿದು, ದೇವರು ಒಳ್ಳೆಯದು ಮಾಡಲಿ ಎಂದು ಹರಸಿ, ಹೋಗಿಬಿಡುತ್ತಿದ್ದರು. ಬೇಸಿಗೆಯ ಹೊತ್ತಿಗೆ ದಕ್ಕೆಯಲ್ಲೆಲ್ಲ ಅದಕ್ಕೆ ಜಿನ್ನು ಹಿಡಿದ ದೋಣಿ ಎಂದು ಹೆಸರಾಯಿತು. ಸ್ಪರ್ಧೆ ಮುಗಿದಿದ್ದರಿಂದ ಈಗ ಯಾರೂ ಎಣ್ಣೆ ಬದಲಿಸುತ್ತಿರಲಿಲ್ಲ; ತಮ್ಮ ನೋಡಿಕೊಳ್ಳುತ್ತಾನೆ ಎಂದು ಅಣ್ಣ, ಅಣ್ಣ ನೋಡಿಕೊಳ್ಳುತ್ತಾನೆ ಎಂದು ತಮ್ಮ. ಬೆಳ್ಳಿ ಬಣ್ಣದ ಕೆಳಗೆ ತುಕ್ಕು ಏಳತೊಡಗಿತು. ಯಾರೂ ಕೊಳ್ಳದಿದ್ದರೆ ಗುಜರಿ ಕಬ್ಬಿಣದವನಿಗೆ ಕೊಟ್ಟುಬಿಡೋಣ ಎಂದ ಜರ್ರಾಹ್. ತಮ್ಮ ಪ್ರೀತಿಯಿಂದ ತಲೆಯಾಡಿಸಿದ.

ಸುಮ್ಮನಿದ್ದಿದ್ದರೆ ದೋಣಿ ಇನ್ನೂ ಕೆಲವು ತಿಂಗಳು ಸಬೀಕಾಳ ಕಣ್ಣೆದುರು ಇರುತ್ತಿತ್ತು. ಆದರೆ ಅಪ್ಪನ ದೋಣಿ ಮಾಡದ ತಪ್ಪಿಗೆ ಕೊಳೆಯುವುದನ್ನು ನೋಡಲು ಅವಳಿಂದಾಗಲಿಲ್ಲ. ಮುಂದಿನ ಸಲ ಬಂದವನು ಫಹಾಹೀಲ್ ಊರಿನ ಒಬ್ಬ ದಂತವೈದ್ಯ, ನಾಲ್ಕು ಮಕ್ಕಳ ತಂದೆ. ಅವನೂ ದೋಷದ ಕಥೆ ಕೇಳಿ, ಚಹಾ ಕುಡಿದು ಎದ್ದ. ಸಬೀಕಾ ಅವನ ಹಿಂದೆಯೇ ಕಾರಿನವರೆಗೆ ಹೋದಳು.

"ಡಾಕ್ಟ್ರೇ, ಆ ಎಂಜಿನ್‌ಗೆ ಏನೂ ಆಗಿರಲಿಲ್ಲ. ಡೀಸೆಲ್ ನಲ್ಲೀನ ಮುಚ್ಚಿದ್ದು ನಾನು. ಇವರಿಬ್ಬರನ್ನ ಮಾತಾಡಿಸೋಕೆ. ಇದು ನಮ್ಮನೇಲಿ ಗೊತ್ತಾಗೋದು ಬೇಡ."

ಅವನು ತೆರೆದಿದ್ದ ಕಾರಿನ ಬಾಗಿಲು ಮುಚ್ಚಿದ. ಹಿಂದಕ್ಕೆ ಬಂದು ದೋಣಿ ಕೊಂಡ.

ಈಗ ಸೋಮವಾರದ ದಿವಾನಿಯ ಮತ್ತೆ ಒಂದೇ. ಬಂದವರಿಗೆಲ್ಲ ಜರ್ರಾಹ್ ಈ ಕಥೆಯನ್ನು ತಪ್ಪದೆ ಹೇಳುತ್ತಾನೆ, ಫೌಝಾನ್ ಬಿಟ್ಟುಹೋದದ್ದನ್ನು ಸೇರಿಸುತ್ತಾನೆ. ಒಂದು ಸಂಜೆ ಜರ್ರಾಹ್ ಒಳಮನೆಗೆ ಬಂದು ತಾಯಿಯ ಪಕ್ಕ ಕೂತ, ತಂಗಿಯ ಕಡೆ ತಿರುಗಿ ಹೇಳಿದ, "ನೋಡಿದ್ಯಾ ಸಬೀಕಾ, ನಾವು ನಿಜ ಹೇಳಿದ್ದಕ್ಕೇ ದೋಣಿ ಮಾರಾಟ ಆಗಿದ್ದು."

"ಹೌದಣ್ಣ," ಎಂದಳು ಸಬೀಕಾ. "ನಿಜ ಹೇಳಿದ್ದಕ್ಕೇ."