ವೀರೇಶ ಉಳಿದುಕೊಂಡ ತೋಟ

ವೀರೇಶ ಪೀಣ್ಯದ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದ. ಪೆಡಲ್ ತುಳಿದರೆ ಮೇಲಿನ ಅಚ್ಚು ಧಡ್ಡನೆ ಇಳಿದು ತಗಡು ಕತ್ತರಿಸುವ ಯಂತ್ರ. ಹೋದ ವರ್ಷ ಒಂದು ದಿನ, ಸಿಕ್ಕಿಕೊಂಡ ತಗಡು ಬಿಡಿಸಲು ಜೊತೆಗಾರ ಚಿರಂಜೀವಿ ಕೈ ಹಾಕಿದ್ದು ಅವನಿಗೆ ಕಾಣಲಿಲ್ಲ. ಪೆಡಲ್ ತುಳಿದುಬಿಟ್ಟ. ಚಿರಂಜೀವಿಯ ಬಲಗೈ ಬೆರಳುಗಳು ಹೋದವು.

"ನಿಂದೇನೂ ತಪ್ಪಿಲ್ಲ ಕಣೋ ಮಗಾ" ಎಂದು ಆಸ್ಪತ್ರೆಯ ಮಂಚದ ಮೇಲಿಂದ ಚಿರಂಜೀವಿಯೇ ಹೇಳಿದ. ಅದನ್ನು ಕೇಳಿಸಿಕೊಂಡು ಮನೆಗೆ ಬಂದ ವೀರೇಶ ಆಮೇಲೆ ಮಾತಾಡಲಿಲ್ಲ.

ಟಿ. ದಾಸರಹಳ್ಳಿಯಲ್ಲಿ ಅವನದೂ ಹೆಂಡತಿ ಮಹಾಂತಮ್ಮನದೂ ಒಂದೇ ಕೋಣೆಯ ಬಾಡಿಗೆ ಮನೆ. ಮದುವೆಯಾದ ವರ್ಷವೇ ಕುಷ್ಟಗಿ ಕಡೆಯಿಂದ ಬಂದವರು. ಅವಳಿಗೆ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಬೆಳಿಗ್ಗೆ ಅವಳು ಹೊರಡುವಾಗ ಗೋಡೆಗೆ ಮುಖ ಮಾಡಿ ಕೂತಿದ್ದವನು ಅವಳು ಬಂದಾಗಲೂ ಹಾಗೇ ಇರುತ್ತಿದ್ದ. ಒಂದು ಮಧ್ಯಾಹ್ನ ರೈಲು ಹಳಿಯ ಮೇಲೆ ಕೂತವನನ್ನು ಯಾರೋ ಪುಣ್ಯಾತ್ಮರು ಎಬ್ಬಿಸಿ ಕರೆತಂದರು. ಮಹಾಂತಮ್ಮ ಅವನನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿಂದ ಕಳಿಸುವಾಗ ಡಾಕ್ಟರು ಅತ್ತಿಬೆಲೆ ಹತ್ತಿರದ ಒಂದು ತೋಟದ ವಿಷಯ ಹೇಳಿದರು. ಮನಸ್ಸಿಗೆ ಪೆಟ್ಟು ಬಿದ್ದವರು ಅಲ್ಲಿ ಉಳಿದು ತರಕಾರಿ ಬೆಳೆಯುತ್ತಾರೆ, ಹಸು ನೋಡಿಕೊಳ್ಳುತ್ತಾರೆ, ಮಾತ್ರೆಯೂ ನಡೆಯುತ್ತದೆ.

ವೀರೇಶನನ್ನು ಅಲ್ಲಿಗೆ ಸೇರಿಸಿದ ಮೇಲೆ, ಭಾನುವಾರ ಬಂದರೆ ಮಹಾಂತಮ್ಮ ಊರಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದಳು. ಒಂದು ಮೆಟ್ರೋ, ಆಮೇಲೆ ಬಸ್ಸು, ಕೊನೆಗೆ ಮಣ್ಣು ದಾರಿಯ ನಡಿಗೆ. ಮೊದಮೊದಲು ವೀರೇಶ ಬೇಲಿ ಪಕ್ಕ ಕಲ್ಲಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ. ತೋಟ ನೋಡಿಕೊಳ್ಳುವ ರಾಮಕ್ಕ ಅತ್ತಿಬೆಲೆ ಕಡೆಯವಳೇ, ವಯಸ್ಸಾದ ಹೆಂಗಸು. "ಬಲವಂತ ಮಾಡಾಕಿಲ್ಲ ಕಣವ್ವ. ಇಂಗೇ ಕೂತಿರ್ಲಿ" ಎನ್ನುತ್ತಿದ್ದಳು.

ಮಳೆ ಶುರುವಾದ ಮೇಲೆ ಒಂದು ಭಾನುವಾರ ಆ ಕಲ್ಲು ಖಾಲಿಯಿತ್ತು. ಕೊಟ್ಟಿಗೆಯಿಂದ ಗಂಡನ ದನಿ ಕೇಳಿ ಮಹಾಂತಮ್ಮ ಬಾಗಿಲಲ್ಲೇ ನಿಂತಳು. ಅವನು ಕುಂಟು ಹಸುವೊಂದರ ಕುತ್ತಿಗೆ ನೀವುತ್ತಿದ್ದ.

"ಮೇವು ಯಾಕ ಬಿಟ್ಟಿ? ತಿನ್ನವ್ವಾ, ತಿನ್ನು."

ಅಷ್ಟು ದಿನದ ಮೇಲೆ ಕೇಳಿದ ಮಾತು. ಮಹಾಂತಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆದರೆ ಅವಳನ್ನು ನೋಡಿದ್ದೇ ಅವನ ಕೈ ನಿಂತುಹೋಯಿತು. ಮಾತೂ ನಿಂತಿತು.

ಬರಬರುತ್ತಾ ಅವನು ಹುರುಳಿಕಾಯಿ ಬಳ್ಳಿಗೆ ಕೋಲು ನೆಟ್ಟ, ಸಗಣಿ ಬಾಚಿದ, ಪಂಕ್ತಿಯಲ್ಲಿ ಕೂತು ಊಟ ಮಾಡಿದ. ಡಾಕ್ಟರು ಸಂತೋಷಪಟ್ಟು, ಸ್ವಲ್ಪ ದಿನ ಮನೆಗೆ ಕರೆದುಕೊಂಡು ಹೋಗಿ ನೋಡಿ ಎಂದರು. ಮಹಾಂತಮ್ಮ ರಜೆ ಹಾಕಿ, ಕೋಣೆಗೆ ಸುಣ್ಣ ಬಳಿಸಿ, ಅವನಿಗೆ ಇಷ್ಟವೆಂದು ಜೋಳದ ಹಿಟ್ಟು ತಂದಿಟ್ಟಳು. ಎರಡು ದಿನ ಅವನು ರೊಟ್ಟಿ ತಿಂದು ಮಲಗಿದ. ಮೂರನೆಯ ದಿನ, ರಜೆ ಮುಗಿದು ಅವಳು ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಕೋಣೆಯ ಬಾಗಿಲು ತೆರೆದೇ ಇತ್ತು, ಅವನಿರಲಿಲ್ಲ. ಹಿಂದಿನ ಬೀದಿಯಲ್ಲಿ ಯಾವುದೋ ವರ್ಕ್‌ಶಾಪಿನ ಯಂತ್ರ ಧಡ್, ಧಡ್ ಎನ್ನುತ್ತಿತ್ತು. ಇಷ್ಟು ವರ್ಷ ಅದು ಅವಳ ಕಿವಿಗೆ ಬಿದ್ದೇ ಇರಲಿಲ್ಲ.

ಸ್ಟೇಷನ್ನು, ಹಳಿ, ಬಸ್ ಸ್ಟ್ಯಾಂಡು ಎಲ್ಲಾ ಹುಡುಕಿದಳು. ಮರುದಿನ ರಾಮಕ್ಕನ ಫೋನು ಬಂತು. ವೀರೇಶ ನಡೆದುಕೊಂಡೇ ತೋಟ ಸೇರಿದ್ದ.

ಅವಳು ಹೋದಾಗ ಅವನು ಕೊಟ್ಟಿಗೆಯ ಮುಂದೆ ಕೂತಿದ್ದ. ಪಾದಗಳಿಗೆ ಬಟ್ಟೆ ಸುತ್ತಿತ್ತು. ಅವಳು ಎದುರಿಗೆ ಕೂತಳು.

"ಆ ಮನಿ ಬ್ಯಾಡ್ರಿ. ಬಿಟ್ಟುಬಿಡೂಣು. ಇಲ್ಲೇ ಅತ್ತಿಬೆಲ್ಯಾಗ ಗಾರ್ಮೆಂಟ್ಸ್ ಅದಾವು, ನಾ ಕೆಲಸ ಹುಡುಕ್ತೀನಿ. ಸಣ್ಣದೊಂದು ಕೋಣಿ ಮಾಡೂಣು."

ಅವನು ನೆಲ ನೋಡುತ್ತಲೇ ಅವಳ ಜೊತೆ ಮಾತಾಡಿದ, ತಿಂಗಳುಗಳ ಮೇಲೆ ಮೊದಲ ಸಲ.

"ನೀ ಬರಬ್ಯಾಡ."

"ಯಾಕ್ರಿ? ನಾ ಏನ್ ಮಾಡೀನಿ?"

"ನೀ ಏನೂ ಮಾಡಿಲ್ಲ. ಅವತ್ತು ನನ್ನ ಅಂಗಿ ಮ್ಯಾಲಿನ ರಕ್ತ ತೊಳದಾಕಿ ನೀನ. ನಿನ್ನ ಮುಖ ನೋಡಿದ್ರ ಆ ರಕ್ತನ ಕಾಣತೈತಿ. ಇಲ್ಲಿ ಯಾರನ್ನ ನೋಡಿದ್ರೂ ಕಾಣಂಗಿಲ್ಲ." ಅವನ ಕಣ್ಣು ತುಂಬಿತ್ತು. "ಸಿಟ್ಟು ಮಾಡ್ಕೋಬ್ಯಾಡ."

ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಮಹಾಂತಮ್ಮನಲ್ಲಿ ಉಳಿದಿರಲಿಲ್ಲ. ಗೇಟಿನವರೆಗೆ ಕಳಿಸಲು ಬಂದ ರಾಮಕ್ಕನನ್ನು ಕೇಳಿದಳು, "ಯಕ್ಕಾ, ನನಗೂ ಇಲ್ಲೊಂದು ಜಾಗ ಸಿಗತೈತೇನು? ನನಗೂ ನಿದ್ದಿ ಬರವಲ್ದು."

"ಡಾಕ್ಟ್ರು ಕಳ್ಸಿದೋರ್ನ ಮಾತ್ರ ಇಕ್ಕೊಳ್ಳೋದು ಕಣವ್ವ. ನೀನು ಗಟ್ಟಿಗಿತ್ತಿ, ದುಡ್ಕೊಂಡು ಇದೀಯ. ನಿಂಗ್ಯಾಕೆ ಇದೆಲ್ಲ?" ಎಂದು ರಾಮಕ್ಕ ಅವಳ ಬೆನ್ನು ಸವರಿದಳು. ಪ್ರೀತಿಯಿಂದಲೇ ಹೇಳಿದಳು. ಮಹಾಂತಮ್ಮ ತಲೆ ಆಡಿಸಿ ಬಸ್ಸಿಗೆ ನಡೆದಳು.

ವೀರೇಶನಿಗೆ ಕೊಟ್ಟಿಗೆಯ ಕೆಲಸ ಕಾಯಂ ಆಯಿತು. ಚೆನ್ನಾಗಿ ಉಣ್ಣುತ್ತಾನಂತೆ, ಹೊಸದಾಗಿ ಬಂದವರಿಗೆ ಹಾಲು ಕರೆಯುವುದನ್ನು ಕಲಿಸುತ್ತಾನಂತೆ. ಮಹಾಂತಮ್ಮ ಭಾನುವಾರಗಳಲ್ಲಿ ಹೋಗುವುದನ್ನು ಬಿಟ್ಟಳು. ಒಮ್ಮೆ ರಾಮಕ್ಕನೇ ಫೋನು ಮಾಡಿದಳು.

"ಯಾಕವ್ವ, ಈ ಕಡೆ ಬರ್ನೇ ಇಲ್ಲ?"

"ಅವರು ನನ್ನ ಕೇಳಿದ್ರೇನ್ರಿ?"

"ಸುಳ್ಳು ಹೇಳಾಕಿಲ್ಲ ಕಣವ್ವ. ಕೇಳ್ಲಿಲ್ಲ."

ಮಹಾಂತಮ್ಮ ಫೋನು ಕೆಳಗಿಟ್ಟು ಚಾಪೆಯ ಮೇಲೆ ಅಡ್ಡಾದಳು. ಸೋಮವಾರ ಅವಳು ಕೆಲಸಕ್ಕೆ ಹೋಗಲಿಲ್ಲ. ಸೂಪರ್‌ವೈಸರ್ ಫೋನು ಮಾಡಿ ಮಾಡಿ ಸುಮ್ಮನಾದ. ಮಂಗಳವಾರ ಪಕ್ಕದ ಕೋಣೆಯ ಲಕ್ಷ್ಮವ್ವ ಬಾಗಿಲು ತಟ್ಟಿ, "ಮಾಂತಮ್ಮಾ, ಒಳಗ ಅದಿಯೇನ?" ಎಂದು ಕೂಗಿದಳು. ಅವಳು ಒಳಗೇ ಇದ್ದಳು, ಎದ್ದಿದ್ದಳು, ಕೂಗೂ ಕೇಳಿಸಿತ್ತು. ಹೂಂ ಎನ್ನಲು ಬಾಯಿ ಬರಲಿಲ್ಲ.