ಕೋರಾಳ ಮರ

ಲುದ್ವಿಕ್ ಹ್ರಿಬಾರ್ ಕೈಗೆಟುಕಿದ ಎಲೆಯೊಂದನ್ನು ಕಿತ್ತು ಬಿಸಿಲಿಗೆ ಹಿಡಿದ. ನರಗಳ ನಡುವೆ ಕಪ್ಪನೆಯ ಪಟ್ಟೆಗಳಿದ್ದವು. ಬೆರಳಿಗೆ ಎಲೆ ಹಳೆಯ ಚಪ್ಪಲಿಯ ತೊಗಲಿನಷ್ಟು ಒರಟಾಗಿತ್ತು. ಎಪ್ಪತ್ತೆಂಟರ ಮುದುಕನಿಗೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ಆದರೂ ಇನ್ನೊಂದನ್ನು ಕಿತ್ತು ನೋಡಿದ.

ಈರಿ ಸರೋವರದ ದಂಡೆಯ ಆ ರಸ್ತೆಯಲ್ಲಿ ಅವನು ನಲವತ್ತು ವರ್ಷ ಸಸಿಗಳ ನರ್ಸರಿ ನಡೆಸಿದ್ದ. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಬೀಚ್ ಎಂಬ ಕಾಡುಮರದ ಸಸಿಯೊಂದನ್ನು ಒಯ್ದು ತಾನೇ ನೆಟ್ಟು ಬರುತ್ತಿದ್ದ. ಈಗ ಕಾಡಿನ ಬೀಚ್ ಮರಗಳಿಗೆ ಕಣ್ಣಿಗೆ ಕಾಣದ ಹುಳು ಹತ್ತಿತ್ತು. ಚಳಿಗಾಲವೆಲ್ಲ ಮೊಗ್ಗಿನೊಳಗೆ ಅಡಗಿದ್ದು, ಎಲೆ ಬಿಚ್ಚುವ ಮೊದಲೇ ಅದನ್ನು ಕೆಡಿಸುವ ಹುಳು. ಅದು ಎಲ್ಲಿಂದ ಬಂತೆಂದು ಹೇಳಲಾಗದು, ತಪ್ಪನ್ನು ನಿನ್ನ ಸಸಿಗಳ ಮೇಲೆ ಹಾಕಬೇಡ ಎಂದಿದ್ದರು ಅರಣ್ಯ ಇಲಾಖೆಯವರು. ಅವನ ಮನಸ್ಸು ಒಪ್ಪಲಿಲ್ಲ. ತಾನು ನೆಟ್ಟ ಮರಗಳಿದ್ದ ಮನೆಗಳಿಗೆಲ್ಲ ಹೊರಟುಬಿಟ್ಟ.

"ನೀನೇನು ಪಾದ್ರಿನಾ, ಪಾಪ ಒಪ್ಕೊಳ್ಳೋಕೆ ಮನೆಮನೆ ತಿರುಗೋಕೆ?" ಎಂದು ಹೆಂಡತಿ ಆಂಟೋನಿಯಾ ಬೆಳಿಗ್ಗೆ ರೇಗಿದ್ದಳು. "ಪಾದ್ರಿ ಪಾಪ ಕೇಳೋನು ಕಣೇ, ಹೇಳೋನಲ್ಲ" ಎಂದು ಅವನು ಟೋಪಿ ಹಾಕಿಕೊಂಡಿದ್ದ.

ಇದು ಆರನೆಯ ಮನೆ, ನಾರೀನ್ ಟಾಲ್ಬಟ್‌ಳದು. ಮೊದಲಿನ ಐದು ಮನೆಗಳಲ್ಲಿ ಮಕ್ಕಳು ಬೆಳೆದಿದ್ದರು, ಮರಕ್ಕಾಗಿ ಯಾರೂ ಅಷ್ಟೇನೂ ನೊಂದುಕೊಳ್ಳಲಿಲ್ಲ. ಇಲ್ಲಿ ಮಾತ್ರ ಮರ ಉಳಿದಿತ್ತು, ಮಗು ಉಳಿದಿರಲಿಲ್ಲ. ನಾರೀನ್‌ಳ ಮಗಳು ಕೋರಾ ಹನ್ನೊಂದು ವರ್ಷಕ್ಕೇ ರಕ್ತದ ಕ್ಯಾನ್ಸರಿನಿಂದ ಹೋಗಿದ್ದಳು.

ನಾರೀನ್ ಹಿಂಬಾಗಿಲಿನಿಂದ ಹೊರಗೆ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು.

"ಹ್ರಿಬಾರ್ ಅವ್ರೇ, ಅಲ್ಲೇ ಯಾಕೆ ನಿಂತ್ರಿ? ಬಾಗ್ಲು ತಟ್ಟೋದಲ್ವಾ?"

"ಮೊದ್ಲು ಮರ ನೋಡೋಣ ಅಂತ, ನಾರೀನ್." ಅವನು ಟೋಪಿ ತೆಗೆದ. "ಇದಕ್ಕೂ ಆ ರೋಗ ಬಂದಿದೆ ಕಣಮ್ಮಾ. ಸಸಿ ಕೊಟ್ಟೋನು ನಾನು. ನನ್ನ ನರ್ಸರಿಯಿಂದ್ಲೇ ಬಂತೋ ಏನೋ. ಅದನ್ನ ನಿನಗೆ ಹೇಳ್ಬೇಕು ಅನ್ನಿಸ್ತು."

ನಾರೀನ್ ಅಂಗೈಯ ಹಿಟ್ಟನ್ನು ನಿಧಾನವಾಗಿ ಉಜ್ಜಿ ಉದುರಿಸಿದಳು.

"ಮೂರು ವರ್ಷದಿಂದ ನೋಡ್ತಾನೇ ಇದೀನಿ. ಎಲೆ ಮುದುರ್ಕೊಂಡೇ ಹುಟ್ತಿದೆ. ಬದುಕುತ್ತಾ?"

"ಒಂದು ಔಷಧಿ ಇದೆ, ಬುಡಕ್ಕೆ ಹಾಕೋದು. ಕೆಲವು ಮರ ಸುಧಾರಿಸ್ಕೊಂಡಿವೆಯಂತೆ. ಕಾದು ನೋಡೋಣ, ಧೈರ್ಯವಾಗಿ..."

"ಬೇಡ." ಅವಳ ದನಿ ಏರಲಿಲ್ಲ. "ಹಾಗೆ ಮಾತಾಡ್ಬೇಡಿ ನನ್ಹತ್ರ. ಕೋರಾ ಹಾಸಿಗೆ ಹಿಡಿದಾಗ್ಲೂ ಎಲ್ಲರೂ ಹೀಗೇ ಅಂದ್ರು. ಕಾದು ನೋಡೋಣ, ಧೈರ್ಯವಾಗಿರಿ. ಕೊನೇ ವಾರದವರೆಗೂ ಅದೇ. ನನಗೂ ಅದೇ ಬೇಕಿತ್ತು, ನಂಬಿದೆ. ಅವಳು ಮಾತ್ರ ನಂಬಲಿಲ್ಲ. ಏನೋ ಕೇಳ್ಬೇಕು ಅಂತಿದ್ಲು. ನಾನು ಬಾಯಿ ಬಿಡೋಕೇ ಬಿಡ್ಲಿಲ್ಲ, ಹ್ರಿಬಾರ್ ಅವ್ರೇ. ಎಲ್ಲಾ ಸರಿಹೋಗುತ್ತೆ ಮಲಕ್ಕೋ ಅಂದುಬಿಟ್ಟೆ."

ಲುದ್ವಿಕ್ ಕೈಯಲ್ಲಿದ್ದ ಎರಡು ಎಲೆಗಳನ್ನು ಎಸೆಯಲೂ ಆಗದೆ, ಹಿಡಿದುಕೊಂಡೇ ಇರಲೂ ಆಗದೆ ಟೋಪಿಯೊಳಗೆ ಹಾಕಿಕೊಂಡ. ಐದು ಮನೆಗಳಲ್ಲಿ ಹೇಳಿ ಹೇಳಿ ಸವೆದಿದ್ದ ಸಮಾಧಾನದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡ.

"ಬದುಕಲ್ಲ, ನಾರೀನ್" ಎಂದ. "ಔಷಧಿ ಹಾಕಿದ್ರೆ ಒಂದೆರಡು ವರ್ಷ ಜಾಸ್ತಿ ಎಳೀಬಹುದು. ತುದಿಯ ಕೊಂಬೆಗಳು ಆಗ್ಲೇ ಮೊಗ್ಗು ಕಟ್ಟೋದು ಬಿಟ್ಟಿವೆ. ಇನ್ನು ಮೂರು ಬೇಸಿಗೆ ನೋಡಿದ್ರೆ ಹೆಚ್ಚು."

"ಕಡಿಸಿದ್ರೆ ಬೇರೆ ಮರಗಳಿಗೆ ಉಪಯೋಗ ಆಗುತ್ತಾ?"

"ಇಲ್ಲ. ನಿನ್ನ ಹಿತ್ತಿಲ ಹಿಂದಿನ ಕಾಡಿಗೂ ಹತ್ತಿದೆ."

"ಹಾಗಾದ್ರೆ ಇರ್ಲಿ" ಎಂದಳು. ಕಾಂಡದ ಮೇಲೆ ಕೈಯಿಟ್ಟು, "ನೋವಾಗುತ್ತಾ ಅದಕ್ಕೆ?" ಎಂದು ಕೇಳಿದಳು.

ಜೀವಮಾನವಿಡೀ ಗಿಡಮರಗಳ ಜೊತೆ ಕಳೆದವನು ತಲೆ ತಗ್ಗಿಸಿದ. "ಗೊತ್ತಿಲ್ಲ ತಾಯಿ. ನಿಜವಾಗ್ಲೂ ಗೊತ್ತಿಲ್ಲ."

ನಾರೀನ್ ತಲೆಯಾಡಿಸಿದಳು. ಒಳಗೆ ಹೋಗಿ ಎರಡು ಕುರ್ಚಿ ತಂದು ಮರದ ಕೆಳಗೆ ಹಾಕಿದಳು. ಇಬ್ಬರೂ ಕುಳಿತರು. ಅವಳು ಹಿತ್ತಿಲಂಚಿನ ಹುಲ್ಲಿನತ್ತ ನೋಡುತ್ತ ಕೋರಾಳ ವಿಷಯ ಹೇಳತೊಡಗಿದಳು. ಕಾಯಿಲೆಯ ಮಾತಲ್ಲ, ಬೂಟು ಹಾಕಿಕೊಳ್ಳಲು ಅವಳು ಮಾಡುತ್ತಿದ್ದ ರಂಪ, ಸರೋವರದ ನೀರು ಉಪ್ಪಿಲ್ಲವೆಂದು ಎರಡೆರಡು ಸಲ ಕುಡಿದು ನೋಡಿದ್ದು. ಲುದ್ವಿಕ್ ನಡುನಡುವೆ ನಕ್ಕ.

ಹೊತ್ತು ಏರಿದಂತೆ ಬಡಕಲು ಕೊಂಬೆಗಳ ಸಂದಿಯಿಂದ ಬಿಸಿಲು ಇಳಿದು ಅವಳ ಮಡಿಲಿಗೆ ಬಿತ್ತು, ಆಮೇಲೆ ಮುಖಕ್ಕೆ. ಅವಳು ಕಣ್ಣು ಕಿರಿದು ಮಾಡಿಕೊಂಡಳು, ಕುರ್ಚಿಯನ್ನು ಮಾತ್ರ ಸರಿಸಲಿಲ್ಲ.